ತಮ್ಮನ ಮನೆಗೆ ಅಕ್ಕನ ರೊಕ್ಕ: ಬಂಧುಗಳ ಮನೆ ಖರೀದಿಗೆ ಹಣ ಕೊಡುವವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ನವನಗರದಲ್ಲೋ ಧಾರವಾಡದ ಸತ್ತೂರಿನಲ್ಲೋ ಮನೆ ನೋಡಿ ಬಂದವರು ರಾತ್ರಿ ಕೂತು ಲೆಕ್ಕ ಬರೆಯುತ್ತಾರೆ. ಬ್ಯಾಂಕ್ ಸಾಲ ಇಷ್ಟು, ಕೈಯಲ್ಲಿರುವುದು ಇಷ್ಟು. ಕಡಿಮೆ ಬಿದ್ದ ಮೊತ್ತದ ಎದುರು ಯಾರದೋ ಹೆಸರು ಬರುತ್ತದೆ: ಅಕ್ಕ, ಕಾಕಾ, ಸೋದರಮಾವ, ಇಲ್ಲವೇ ಹೆಂಡತಿಯ ತವರು. ಈ ಬರಹ ಆ ಹೆಸರಿನವರಿಗಾಗಿ, ಅಂದರೆ ಕೊಡುವವರಿಗಾಗಿ. ಮನೆ ಕೊಳ್ಳುವವರಿಗೆ ಸಲಹೆ ಹೇಳಲು ದಲ್ಲಾಳಿ, ವಕೀಲ, ಬ್ಯಾಂಕಿನವರು ಎಲ್ಲರೂ ಇದ್ದಾರೆ. ರೊಕ್ಕ ಕೊಟ್ಟು ಪಕ್ಕಕ್ಕೆ ನಿಂತವರನ್ನು ಯಾರೂ ಕೇಳುವುದಿಲ್ಲ.

ಇಂಥ ಹಣದಿಂದ ಮನಸ್ತಾಪ ಬರುವುದು ಮೊತ್ತ ದೊಡ್ಡದೆಂದಲ್ಲ. ಕೊಟ್ಟವರು ಒಂದು ತಿಳಿದಿರುತ್ತಾರೆ, ತೆಗೆದುಕೊಂಡವರು ಇನ್ನೊಂದು ತಿಳಿದಿರುತ್ತಾರೆ, ಕಾಗದ ಮೂರನೆಯದನ್ನು ಹೇಳುತ್ತದೆ. ಈ ಮೂರೂ ಒಂದೇ ಆಗುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಮುಂದಿನ ಎಲ್ಲ ಹಂತಗಳ ವಿಷಯ.

ಹಂತ 1: ಕಾಣಿಕೆಯೋ, ಕೈಗಡವೋ, ಪಾಲೋ?

ಬಂಧುವಿಗೆ ಮನೆ ಕೊಳ್ಳಲು ಹಣ ಕೊಡುವ ದಾರಿ ಮೂರೇ.

ಕಾಣಿಕೆ ಎಂದರೆ ಕೊಟ್ಟದ್ದು ಹೋಯಿತು. ಮರಳಿ ಬರುವುದಿಲ್ಲ, ಮನೆಯಲ್ಲಿ ಹಕ್ಕಿಲ್ಲ, ನಾಳೆ ಆ ಮನೆ ಎರಡು ಪಟ್ಟು ಬೆಲೆಗೆ ಹೋದರೂ ನಿಮಗೆ ಸಂಬಂಧವಿಲ್ಲ. ಒಮ್ಮೆ ಕೊಟ್ಟು, ಅವರು ಸ್ವೀಕರಿಸಿದ ಮೇಲೆ ಸಿಟ್ಟು ಬಂತೆಂದು ವಾಪಸ್ ಕೇಳಲು ಕಾನೂನಿನಲ್ಲಿ ದಾರಿ ಇಲ್ಲ.

ಕೈಗಡ ಅಥವಾ ಸಾಲ ಎಂದರೆ ಮರಳಿ ಬರಬೇಕು. ಬಡ್ಡಿ ಇರಲಿ, ಬಿಡಲಿ. ಬಂಧುಗಳ ನಡುವೆ ಬಡ್ಡಿ ಇಲ್ಲದ ಸಾಲಕ್ಕೆ ಕಾನೂನಿನ ತಕರಾರಿಲ್ಲ.

ಪಾಲು ಎಂದರೆ ಖರೀದಿ ಪತ್ರದಲ್ಲೇ ನಿಮ್ಮ ಹೆಸರು, ಎಷ್ಟು ಭಾಗ ಎಂಬುದರ ಸಮೇತ.

ನಮ್ಮ ಕಡೆ ನಾಲ್ಕನೆಯದೊಂದು ದಾರಿ ಇದೆ. "ಇರ್ಲಿ ತಗೋ ತಮ್ಮಾ, ಆಮ್ಯಾಲ ನೋಡೋಣಂತ." ಬಹಳಷ್ಟು ಮನೆಗಳಲ್ಲಿ ನಡೆಯುವುದು ಇದೇ, ಬಹಳಷ್ಟು ಮನೆಗಳಲ್ಲಿ ಮಾತು ನಿಲ್ಲುವುದೂ ಇದರಿಂದಲೇ. ಹತ್ತು ವರ್ಷದ ನಂತರ ಅಕ್ಕನ ಮಗನ ಇಂಜಿನಿಯರಿಂಗ್ ಸೀಟಿಗೆ ರೊಕ್ಕ ಬೇಕಾದಾಗ ಅದು ಸಾಲವಾಗಿತ್ತು ಎಂದು ಅಕ್ಕನಿಗೆ ನೆನಪಾಗುತ್ತದೆ. ತಮ್ಮನ ಹೆಂಡತಿಗೆ ಮಾತ್ರ ಅದು ಮೊದಲಿನಿಂದಲೂ ಕಾಣಿಕೆ.

ಪಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ. "ಹೆಸರು ತಮ್ಮಂದು ಇರ್ಲಿ, ಆದ್ರ ಮನಿ ನಂದ" ಎಂಬ ಮಾತುಕತೆಯ ಮೇಲೆ ಪೂರ್ತಿ ಹಣ ನೀವು ಹಾಕಿ, ಖರೀದಿ ಪತ್ರ ತಮ್ಮನೊಬ್ಬನ ಹೆಸರಿಗೆ ಮಾಡಿಸಿದರೆ ಅದು ಬೇನಾಮಿ ವ್ಯವಹಾರ. 1988ರ ಬೇನಾಮಿ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ ಆಸ್ತಿ ಜಪ್ತಿ ಆಗಬಹುದು. 1ರಿಂದ 7 ವರ್ಷದ ಜೈಲು, ಆಸ್ತಿಯ ಬೆಲೆಯ ಶೇ. 25ರವರೆಗೆ ದಂಡ. ಗಂಡ ಅಥವಾ ಹೆಂಡತಿ ಮತ್ತು ಮಕ್ಕಳ ಹೆಸರಲ್ಲಿ, ಗೊತ್ತಿರುವ ಆದಾಯದಿಂದ ಕೊಂಡರೆ ವಿನಾಯಿತಿ ಇದೆ. ಅಣ್ಣ, ತಮ್ಮ, ಅಕ್ಕ, ತಂಗಿ, ತಂದೆ, ತಾಯಿ ಇವರ ವಿಷಯದಲ್ಲಿ ವಿನಾಯಿತಿ ಸಿಗುವುದು ಪತ್ರದಲ್ಲಿ ಅವರ ಜೊತೆ ನಿಮ್ಮ ಹೆಸರೂ ಇದ್ದಾಗ ಮಾತ್ರ. ಪಾಲು ಬೇಕೆಂದರೆ ಹೆಸರು ಹಾಕಿಸಿ. ಹೆಸರು ಬೇಡವೆಂದರೆ ಪಾಲಿನ ಆಸೆ ಬಿಡಿ.

ಹಂತ 2: ನಿಜವಾದ ಕೊರತೆ ಎಷ್ಟೆಂದು ನೀವೇ ಲೆಕ್ಕ ಹಾಕಿ

"ಒಂದು ಹತ್ತು ಲಕ್ಷ ಕಡಿಮಿ ಬೀಳ್ತದ" ಎಂಬ ಅಂದಾಜಿನ ಮೇಲೆ ಹಣ ಕಳಿಸಬೇಡಿ. ಗೋಕುಲ ರೋಡಿನ ಹತ್ತಿರ 40 ಲಕ್ಷಕ್ಕೆ ಹಳೇ ಮನೆಯೊಂದು ಒಪ್ಪಿಗೆಯಾಗಿದೆ ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗಿನದು ಶೇ. 80ರವರೆಗೆ, ಅದಕ್ಕೂ ಮೇಲಿನದು ಶೇ. 75ರವರೆಗೆ ಸಿಗಬಹುದು. ಇಲ್ಲಿ ಹೆಚ್ಚೆಂದರೆ 32 ಲಕ್ಷ, ಅದೂ ತಮ್ಮನ ಪಗಾರ ಅಷ್ಟು ಸಾಲದ ಕಂತಿಗೆ ಸಾಕಾದರೆ. ಉಳಿದ 8 ಲಕ್ಷ ಕೈಯಿಂದ ಹೋಗಬೇಕು.

ಅಷ್ಟಕ್ಕೇ ಮುಗಿಯುವುದಿಲ್ಲ. ಮುದ್ರಾಂಕ ಶುಲ್ಕ ಶೇ. 5 ಎಂದರೆ 2,00,000. ಆ ಶುಲ್ಕದ ಮೇಲೆ ಶೇ. 10 ಸೆಸ್ ಎಂದು 20,000, ನಗರ ಪ್ರದೇಶದ ಸರ್‌ಚಾರ್ಜ್ ಶೇ. 2 ಎಂದು 4,000. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ ಕೊನೆಗೆ ಶೇ. 2 ಆಯಿತು, ಅಂದರೆ 80,000. ಒಟ್ಟು 3,04,000. ಇಷ್ಟು ದುಬಾರಿ ಮನೆಗೆ ಈ ಖರ್ಚನ್ನು ಬ್ಯಾಂಕ್ ಬೆಲೆಯಲ್ಲಿ ಸೇರಿಸಿ ಸಾಲ ಕೊಡುವುದಿಲ್ಲ. ದಲ್ಲಾಳಿ, ವಕೀಲರ ಫೀ, ಬಣ್ಣ, ಗ್ರಿಲ್ಲು, ಬೋರಿನ ಮೋಟರು ಬೇರೆ. ಸರಿಯಾಗಿ ಕೂಡಿಸಿದರೆ 12 ಲಕ್ಷದ ಹತ್ತಿರ ಬಂತು. ತಮ್ಮನ ಹತ್ತಿರ 6 ಇದ್ದರೆ ನಿಮ್ಮ ಮುಂದಿರುವ ಪ್ರಶ್ನೆ 6 ಲಕ್ಷದ್ದು.

ಈ ಲೆಕ್ಕವನ್ನು ತಮ್ಮನ ಎದುರಿಗೇ ಕೂತು ಮಾಡಿ. ಲೆಕ್ಕ ಕೇಳಿದ್ದಕ್ಕೆ ಮುಖ ಸಣ್ಣ ಮಾಡುವವರಿಗೆ ದೊಡ್ಡ ಮೊತ್ತ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ.

ಹಂತ 3: ಕೊಡುವ ಹಣ ಯಾರದು?

ಪಗಾರ, ಪಿಂಚಣಿ, ಎಫ್‌ಡಿ ಆದರೆ ಸುಲಭ. ಎಫ್‌ಡಿ ಮುರಿಸುವಾಗ ಬಡ್ಡಿ ಕಡಿತವಾಗುತ್ತದೆ. ಒಂದೆರಡು ತಿಂಗಳಲ್ಲಿ ಅವಧಿ ಮುಗಿಯುವಂತಿದ್ದರೆ ಸಂಚಕಾರದ ಕರಾರಿನಲ್ಲಿ ಅಷ್ಟು ಕಾಲಾವಕಾಶ ಕೇಳಲು ತಮ್ಮನಿಗೆ ಹೇಳಿ. ಪಿಂಚಣಿ ಮೇಲೆ ಬದುಕುವವರು ಆಸ್ಪತ್ರೆಗೆಂದು ತೆಗೆದಿಟ್ಟ ಹಣವನ್ನು ಮುಟ್ಟಲೇಬಾರದು. ಮನೆ ಇನ್ನೊಂದು ವರ್ಷ ತಡವಾದರೂ ನಡೆದೀತು.

ತೊಡಕು ಇರುವುದು ಹೊಲ ಮಾರಿದ ಹಣದಲ್ಲಿ. ರೋಣದ ಕಡೆಯೋ ಬ್ಯಾಡಗಿ ಕಡೆಯೋ ಹಿರಿಯರ ಹೊಲ ಮಾರಿ, ಬಂದ ರೊಕ್ಕದಲ್ಲಿ ಒಬ್ಬ ಮಗನಿಗೆ ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಡುವುದು ನಮ್ಮಲ್ಲಿ ಹೊಸದಲ್ಲ. ಹೊಲ ಪಿತ್ರಾರ್ಜಿತವಾಗಿದ್ದರೆ ಆ ಹಣ ಅಪ್ಪನೊಬ್ಬನದಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಆ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲವನ್ನೂ 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು, ಬದುಕಿರಬೇಕಿಲ್ಲ. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಬಂಗಾರ ಹಾಕಿದ್ದೇವೆ, ಲೆಕ್ಕ ಮುಗಿಯಿತು ಎಂಬ ಮಾತು ಕಟ್ಟೆಯ ಮೇಲೆ ನಡೆಯುತ್ತದೆ, ಕೋರ್ಟಿನಲ್ಲಿ ನಡೆಯುವುದಿಲ್ಲ. ಅವರವರ ಪಾಲು ಅವರವರ ಖಾತೆಗೆ ಹಾಕಿ, ನಂತರ ಅವರಾಗಿ ತಮ್ಮನಿಗೆ ಕೊಡುವುದಾದರೆ ಕಾಣಿಕೆ ಪತ್ರ ಬರೆದು ಕೊಡಲಿ. ಹೊಲ ಮಾರುವ ಮೊದಲೇ ಹಕ್ಕು ಬಿಡುವುದಾದರೆ ಹಕ್ಕುಬಿಟ್ಟ ಪತ್ರ ನೋಂದಣಿ ಆಗಲೇಬೇಕು. ಬಿಳಿ ಹಾಳೆ ಮೇಲಿನ ಸಹಿಗೆ ಬೆಲೆ ಇಲ್ಲ.

ಹೊಲದ ತೆರಿಗೆಯ ಮಾತೂ ಇದೆ. ಗ್ರಾಮೀಣ ಕೃಷಿ ಭೂಮಿ ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಗ್ರಾಮೀಣ ಎನಿಸಲು ಹೊಲ ಹತ್ತಿರದ ಪಟ್ಟಣದ ಗಡಿಯಿಂದ ಎಷ್ಟು ದೂರ ಇರಬೇಕು ಎಂಬುದು ಆ ಪಟ್ಟಣದ ಜನಸಂಖ್ಯೆಯ ಮೇಲೆ ಹೋಗುತ್ತದೆ. 2011ರ ಜನಗಣತಿಯಲ್ಲಿ 9.4 ಲಕ್ಷದಷ್ಟಿದ್ದ ಹುಬ್ಬಳ್ಳಿ-ಧಾರವಾಡ ಮತ್ತು ಒಂದು ಲಕ್ಷ ದಾಟಿದ್ದ ಗದಗ-ಬೆಟಗೇರಿಗೆ ಗಡಿಯಿಂದ 6 ಕಿಲೋಮೀಟರ್, ಒಂದು ಲಕ್ಷದೊಳಗಿದ್ದ ಹಾವೇರಿಗೆ 2 ಕಿಲೋಮೀಟರ್. ರಸ್ತೆಯ ದೂರವಲ್ಲ, ನೇರ ಅಂತರ. ಅದರೊಳಗಿನ ಹೊಲವಾದರೆ ಲಾಭಕ್ಕೆ ತೆರಿಗೆ ಬೀಳುತ್ತದೆ. ಮನೆ ಕೊಂಡರೆ ತೆರಿಗೆ ಉಳಿಯುತ್ತದಂತೆ ಎಂದು ಕೇಳಿ ಮಗನ ಹೆಸರಲ್ಲಿ ಮನೆ ಕೊಳ್ಳಬೇಡಿ. ಆ ವಿನಾಯಿತಿ ಇರುವುದು ಮಾರಿದವರು ತಾವೇ ಮನೆ ಕೊಂಡಾಗ. ಹಣವನ್ನು ಮಗನಿಗೆ ಕಾಣಿಕೆ ಕೊಟ್ಟು, ಮನೆ ಅವನ ಹೆಸರಿಗೆ ಆದ ಮೇಲೆ ಅಪ್ಪ ವಿನಾಯಿತಿ ಕೇಳಿದರೆ ಗಟ್ಟಿ ನಿಲ್ಲುವುದು ಕಷ್ಟ. ಇದೊಂದಕ್ಕೆ ಸಿಎ ಹತ್ತಿರ ಹೋಗಿ. ಅವರ ಫೀ ದಂಡವಾಗುವುದಿಲ್ಲ.

ಹಂತ 4: ತೆರಿಗೆ ಕಾಯ್ದೆಯ ಕಣ್ಣಿಗೆ ನೀವು ಬಂಧುವೇ?

ಕಾಣಿಕೆ ಕೊಟ್ಟವರಿಗೆ ನಮ್ಮ ದೇಶದಲ್ಲಿ ತೆರಿಗೆ ಇಲ್ಲ. ತೆಗೆದುಕೊಂಡವರಿಗೆ ಬೀಳಬಹುದು. ಕಾಯ್ದೆ ಹೇಳುವ ಬಂಧುಗಳಿಂದ ಬಂದರೆ ಎಷ್ಟೇ ಬರಲಿ, ತೆರಿಗೆ ಇಲ್ಲ. ಬೇರೆಯವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ನಂಬರು ಬದಲಾಗಿವೆ, ಆದರೆ ಈ ನಿಯಮದ ತಿರುಳು ಹಳೆಯದೇ.

ಬಂಧುಗಳ ಪಟ್ಟಿ ನಮ್ಮ ಲಗ್ನಪತ್ರಿಕೆಗಿಂತ ಬಹಳ ಚಿಕ್ಕದು. ಹಣ ಪಡೆಯುವವರ ಕಡೆಯಿಂದ ನೋಡಿ: ಗಂಡ ಅಥವಾ ಹೆಂಡತಿ, ಅಣ್ಣ ತಮ್ಮ ಅಕ್ಕ ತಂಗಿ, ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು, ಅಪ್ಪ ಅವ್ವನ ಒಡಹುಟ್ಟಿದವರು, ಅಂದರೆ ದೊಡ್ಡಪ್ಪ, ಕಾಕಾ, ಅತ್ತಿ, ಸೋದರಮಾವ, ಚಿಗವ್ವ, ಅಪ್ಪ, ಅವ್ವ, ಅಜ್ಜ, ಅಜ್ಜಿ ಹೀಗೆ ಮೇಲಿನವರು, ಮಕ್ಕಳು, ಮೊಮ್ಮಕ್ಕಳು ಹೀಗೆ ಕೆಳಗಿನವರು, ಗಂಡನ ಅಥವಾ ಹೆಂಡತಿಯ ಕಡೆಯ ಮೇಲಿನವರು, ಕೆಳಗಿನವರು, ಇವರೆಲ್ಲರ ಗಂಡ ಹೆಂಡಿರು.

ಇದರಲ್ಲೊಂದು ಗಮ್ಮತ್ತಿದೆ. ಕಾಕಾ ತನ್ನ ಅಣ್ಣನ ಮಗನಿಗೆ 5 ಲಕ್ಷ ಕೊಟ್ಟರೆ ತೆರಿಗೆ ಇಲ್ಲ, ಏಕೆಂದರೆ ಪಡೆಯುವ ಹುಡುಗನಿಗೆ ಅವನು ಅಪ್ಪನ ತಮ್ಮ. ಅದೇ ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದು, ಕಾಕಾನ ಮನೆಗೆಂದು 5 ಲಕ್ಷ ಕೊಟ್ಟರೆ ಕಾಕಾ ಪೂರ್ತಿ ಮೊತ್ತಕ್ಕೆ ತೆರಿಗೆ ಕಟ್ಟಬೇಕು. ಕಾಕಾನ ಪಟ್ಟಿಯಲ್ಲಿ ಅಣ್ಣನ ಮಗ ಇಲ್ಲ! ಕಾಕಾನ ಮಗ, ಅತ್ತಿ ಮಗಳು, ಚಿಗವ್ವನ ಮಗ ಇವರು ಎರಡೂ ಕಡೆಯಿಂದ ಹೊರಗೆ. ಇಂಥವರಿಗೆ ಸಹಾಯ ಮಾಡುವುದಾದರೆ ಸರಿಯಾದ ಕಾಗದದ ಮೇಲೆ ಕೈಗಡ ಕೊಡುವುದೇ ಒಳ್ಳೆಯದು, ಸಾಲ ಆದಾಯವಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿ ಕೊಡುವ ಸುತ್ತು ದಾರಿ ಹಿಡಿಯಬೇಡಿ.

ಹೆಂಡತಿಗೆ ಅಥವಾ ಸೊಸೆಗೆ ಕೊಟ್ಟ ಕಾಣಿಕೆಗೆ ತೆರಿಗೆ ಇಲ್ಲದಿದ್ದರೂ ಆ ಹಣದಿಂದ ಕೊಂಡ ಮನೆಯ ಬಾಡಿಗೆ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ತಾವೇ ವಾಸಿಸುವ ಮನೆಯಾದರೆ ಚಿಂತೆ ಇಲ್ಲ. ಬಾಡಿಗೆಗೆ ಬಿಡುವುದಾದರೆ ಲೆಕ್ಕದಲ್ಲಿರಲಿ. ವಯಸ್ಸಿಗೆ ಬಂದ ಮಗ, ಮಗಳು, ತಮ್ಮ, ತಂಗಿ ಇವರಿಗೆ ಈ ಗಂಟು ಇಲ್ಲ.

ಮಗಳ ಮನೆಗೆ ಕೊಡುವವರಿಗೆ ಒಂದು ಮಾತು. ಅಳಿಯನ ಖಾತೆಗೆ ಹಾಕಿದರೂ ತೆರಿಗೆ ಲೆಕ್ಕದಲ್ಲಿ ಸರಿಯೇ. ಆದರೂ ಮಗಳ ಖಾತೆಗೇ ಹಾಕಿ, ಖರೀದಿ ಪತ್ರದಲ್ಲಿ ಅವಳ ಹೆಸರು ಬರುವಂತೆ ಮೊದಲೇ ಮಾತಾಡಿ. ಬೀಗರು ಏನಂದುಕೊಂಡಾರು ಎಂಬ ಸಂಕೋಚದಲ್ಲಿ ಎಷ್ಟೋ ತಂದೆತಾಯಿ ಈ ಮಾತನ್ನು ನುಂಗಿಕೊಳ್ಳುತ್ತಾರೆ. ಇನ್ನು ಹಣ ನಿಮ್ಮ ಮನಸ್ಸಿನಿಂದ ಬರದೆ, ಆ ಕಡೆಯಿಂದ ಕೇಳಿಕೆ ಬಂದಿದ್ದರೆ ಅದು ವರದಕ್ಷಿಣೆಯೇ ಹೊರತು ಸಹಾಯವಲ್ಲ; 1961ರ ಕಾಯ್ದೆಯಡಿ ಕೇಳುವುದೂ ತಪ್ಪು, ಕೊಡುವುದೂ ತಪ್ಪು.

ಹಂತ 5: ಮನೆಯ ಕಾಗದ ನೀವೂ ನೋಡಿ

ಹಣ ನಿಮ್ಮದು, ನೋಡುವ ಹಕ್ಕೂ ನಿಮ್ಮದು. ಊರೊಳಗಿನ ಹಳೇ ಆಸ್ತಿಯಾದರೆ ಸಿಟಿ ಸರ್ವೆ ಆಫೀಸಿನ ಸಿಟಿಎಸ್ ಉತಾರ (ನಗರ ಮೋಜಣಿ ದಾಖಲೆಯ ಪ್ರತಿ), ಮಹಾನಗರ ಪಾಲಿಕೆಯ ಇ-ಖಾತಾ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಿಂದ ಇಸಿ (ಋಣಭಾರ ಪತ್ರ), ಹಿಂದಿನ ಖರೀದಿ ಪತ್ರಗಳ ಸರಪಳಿ. ಹೊಸ ಬಡಾವಣೆಯಾದರೆ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ನಕಾಶೆ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು ದಾಖಲೆ. ಬ್ಯಾಂಕ್ ಸಾಲ ಇದ್ದರೆ ಬ್ಯಾಂಕಿನ ವಕೀಲರೂ ಇದನ್ನೆಲ್ಲ ನೋಡುತ್ತಾರೆ. ಅವರ ಅಭಿಪ್ರಾಯ ಬರುವವರೆಗೆ ದೊಡ್ಡ ಮೊತ್ತ ಬಿಡಬೇಡಿ. ಎನ್‌ಎ ಆಗದ ಹೊಲದಲ್ಲಿ ಗುಂಟೆ ಲೆಕ್ಕದಲ್ಲಿ ಪ್ಲಾಟು ಕೊಡುತ್ತೇವೆ, ಬಾಂಡ್ ಮೇಲೆ ಬರೆದು ಕೊಡುತ್ತೇವೆ ಎನ್ನುವವರ ಹತ್ತಿರ ತಮ್ಮ ಹೊರಟಿದ್ದರೆ ನಿಮ್ಮ ರೊಕ್ಕ ನಿಮ್ಮ ಹತ್ತಿರವೇ ಇರಲಿ. ಅಂಥ ಖರೀದಿಗೆ ಬ್ಯಾಂಕೂ ಬರುವುದಿಲ್ಲ, ಇ-ಖಾತಾ ಇಲ್ಲದೆ ನೋಂದಣಿಯೂ ಆಗುವುದಿಲ್ಲ.

ಹಂತ 6: ಬರೆಯಿರಿ

ಇಲ್ಲಿ ಸ್ವಲ್ಪ ನಿಂತು ನೋಡೋಣ, ಏಕೆಂದರೆ ಹೆಚ್ಚಿನ ಮನೆಗಳು ಎಡವುವುದು ಇಲ್ಲೇ.

ಹಣದ ಕಾಣಿಕೆಗೆ ನೋಂದಣಿ ಕಡ್ಡಾಯವಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 123ರ ಪ್ರಕಾರ ಚರ ಸ್ವತ್ತನ್ನು ಕೈಗೆ ಕೊಟ್ಟರೆ ಸಾಕು. ಬಕ್ಷೀಸು ಪತ್ರ ನೋಂದಣಿ ಮಾಡಿಸಲೇಬೇಕಾದದ್ದು ಹೊಲ, ಮನೆಯಂಥ ಸ್ಥಿರ ಆಸ್ತಿಗೆ. ಆದರೂ ಹಣಕ್ಕೂ ಒಂದು ಪತ್ರ ಬೇಕೇ ಬೇಕು; ಬ್ಯಾಂಕಿಗೆ, ತೆರಿಗೆ ಇಲಾಖೆಗೆ, ನಾಳಿನ ವಾರಸುದಾರರಿಗೆ. ಬರಹ ಹೀಗಿರಲಿ:

"ನಾನು (ಹೆಸರು, ವಯಸ್ಸು, ವಿಳಾಸ, ಪ್ಯಾನ್), ನನ್ನ ಒಡಹುಟ್ಟಿದ ತಮ್ಮ (ಹೆಸರು, ವಿಳಾಸ, ಪ್ಯಾನ್) ಇವನಿಗೆ ಹುಬ್ಬಳ್ಳಿಯ ಸಿಟಿಎಸ್ ನಂಬರ್ ... ಮನೆ ಖರೀದಿಗಾಗಿ 6,00,000 ರೂಪಾಯಿಯನ್ನು (ಅಕ್ಷರದಲ್ಲಿ ಆರು ಲಕ್ಷ) ... ಬ್ಯಾಂಕಿನ ನನ್ನ ಖಾತೆಯಿಂದ ದಿನಾಂಕ ... ರಂದು ಆರ್‌ಟಿಜಿಎಸ್ ಮೂಲಕ, ಯುಟಿಆರ್ (ಬ್ಯಾಂಕ್ ಕೊಡುವ ವರ್ಗಾವಣೆಯ ಗುರುತು) ನಂಬರ್ ..., ಪ್ರೀತಿ ವಿಶ್ವಾಸದಿಂದ ಕಾಣಿಕೆಯಾಗಿ ಕೊಟ್ಟಿರುತ್ತೇನೆ. ಈ ಹಣ ನನ್ನ ಸ್ವಂತ ಗಳಿಕೆಯದು. ಇದನ್ನು ಮರಳಿ ಕೇಳುವ ಹಕ್ಕಾಗಲಿ, ಸದರಿ ಮನೆಯಲ್ಲಿ ಪಾಲಾಗಲಿ ನನಗೂ ನನ್ನ ವಾರಸುದಾರರಿಗೂ ಇರುವುದಿಲ್ಲ."

ಕೆಳಗೆ ತಮ್ಮನ ಸಾಲು: "ಮೇಲಿನ ಕಾಣಿಕೆಯನ್ನು ಸ್ವೀಕರಿಸಿದ್ದೇನೆ." ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು. ಸಾಕ್ಷಿಗಳಲ್ಲಿ ಒಬ್ಬರು ನಿಮ್ಮ ಗಂಡ ಅಥವಾ ಹೆಂಡತಿಯೇ ಆಗಲಿ. ಸಹಿ ಹಾಕಿದವರು ನಾಳೆ "ನನಗ ಗೊತ್ತ ಇರ್ಲಿಲ್ಲ" ಎನ್ನುವಂತಿಲ್ಲ.

ಕೈಗಡವಾದರೆ ಮೇಲಿನ ಕೊನೆಯ ವಾಕ್ಯ ಬರಬಾರದು. ಅದರ ಬದಲು ಎಷ್ಟು, ಯಾವಾಗಿನಿಂದ, ತಿಂಗಳಿಗೆ ಎಷ್ಟರಂತೆ, ಬಡ್ಡಿ ಇದೆಯೋ ಇಲ್ಲವೋ, ಮನೆ ಮಾರಿದರೆ ಬಾಕಿ ಒಂದೇ ಸಲಕ್ಕೆ ಕೊಡಬೇಕೋ, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಯಾರು ಯಾರಿಗೆ ಕೊಡಬೇಕು ಎಂಬುದೆಲ್ಲ ಬರಲಿ. ಕೊನೆಯದನ್ನು ಬರೆಯಲು ಎಲ್ಲರಿಗೂ ಅಳುಕು, "ಒಳ್ಳೇ ಕೆಲಸಕ್ಕ ಹೊಂಟಾಗ ಇಂಥಾ ಮಾತ ಯಾಕ?" ಎನ್ನುತ್ತಾರೆ. ಬರೆಸಿ. ತಮ್ಮ ಹೋದ ಮೇಲೆ ಅವನ ಹೆಂಡತಿಯ ಮುಂದೆ ಲೆಕ್ಕ ತೆಗೆಯುವ ಸಂಕಟಕ್ಕಿಂತ ಈ ಅಳುಕು ಸಣ್ಣದು. ಇದನ್ನು ಇ-ಸ್ಟಾಂಪ್ ಬಾಂಡಿನ ಮೇಲೆ ಕರಾರಾಗಿ ಮಾಡಬಹುದು.  ಇಲ್ಲವೇ ರೆವಿನ್ಯೂ ಸ್ಟಾಂಪ್ ಹಚ್ಚಿ, ಅದರ ಮೇಲೆ ಸಹಿ ಹಾಯುವಂತೆ ಪ್ರಾಮಿಸರಿ ನೋಟು.

ಕೇಳಿದಾಗ ಕೊಡುವ ನೋಟಿಗೆ ಅವಧಿ ಮೂರು ವರ್ಷ. ನೋಟಿನ ದಿನದಿಂದ ಮೂರು ವರ್ಷ ದಾಟಿದರೆ ಕೋರ್ಟಿನಲ್ಲಿ ಅದು ಸತ್ತಂತೆ. ಗೃಹಸಾಲದ ಜೊತೆ ನಿಮ್ಮ ಕಂತೂ ಕಟ್ಟುವ ತಮ್ಮನಿಗೆ ಮೂರು ವರ್ಷ ಸಾಲುವುದಿಲ್ಲ. ಹಾಗಾಗಿ ಅವಧಿ ಮುಗಿಯುವ ಮೊದಲೇ "ಇಂತಿಷ್ಟು ಬಾಕಿ ಇರುವುದು ನಿಜ" ಎಂದು ದಿನಾಂಕ ಹಾಕಿ ಬರೆಸಿಕೊಳ್ಳಿ. ಅಲ್ಲಿಂದ ಮತ್ತೆ ಮೂರು ವರ್ಷ ಎಣಿಕೆ ಶುರುವಾಗುತ್ತದೆ. ಅವಧಿಯೊಳಗೆ ಬಂದ ಕಂತೂ ಹೀಗೆಯೇ ಅವಧಿ ಹಿಗ್ಗಿಸುತ್ತದೆ, ಆದರೆ ಕಂತು ಕೊಟ್ಟದ್ದನ್ನು ತಮ್ಮ ಬರೆದು ಸಹಿ ಮಾಡಿಕೊಟ್ಟಿರಬೇಕು.

ಬಡ್ಡಿ ಹಾಕಿದರೆ ಅದು ನಿಮ್ಮ ಆದಾಯ, ರಿಟರ್ನಿನಲ್ಲಿ ತೋರಿಸಬೇಕು. ತಮ್ಮ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮನೆಗೆಂದು ಬಂಧುವಿನಿಂದ ತೆಗೆದ ಸಾಲದ ಬಡ್ಡಿಯನ್ನೂ ವರ್ಷಕ್ಕೆ 2 ಲಕ್ಷದ ಮಿತಿಯೊಳಗೆ ಕಳೆಯಬಹುದು. ನೀವು ಬಡ್ಡಿಯ ಪ್ರಮಾಣಪತ್ರ ಬರೆದು ಕೊಡಬೇಕು. ಅಸಲಿನ ಮರುಪಾವತಿಗೆ ಮಾತ್ರ ಆ ರಿಯಾಯಿತಿ ಇಲ್ಲ.

ತಂದೆತಾಯಿ 60 ದಾಟಿದ್ದು, "ಕೊನಿತನಕ ನಮ್ಮನ್ನ ನೋಡ್ಕೋಬೇಕು" ಎಂಬ ಆಸೆಯಿಂದ ಕೊಡುತ್ತಿದ್ದರೆ ಆ ಷರತ್ತನ್ನು ಪತ್ರದಲ್ಲೇ ಬರೆಯಿರಿ. 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 23ರಡಿ ಷರತ್ತು ಮುರಿದವರ ವಿರುದ್ಧ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಿ ಕೊಟ್ಟದ್ದನ್ನು ರದ್ದು ಮಾಡಿಸಲು ಅವಕಾಶವಿದೆ. ಮನಸ್ಸಿನಲ್ಲಿ ಇಟ್ಟುಕೊಂಡ ಷರತ್ತನ್ನು ಅಲ್ಲಿ ಸಾಬೀತು ಮಾಡುವುದು ಬಲು ಕಷ್ಟ.

ಹಂತ 7: ಬ್ಯಾಂಕಿಗೆ ಒಂದು, ಮನೆಯಲ್ಲಿ ಒಂದು ಎಂಬ ಎರಡು ಕಾಗದ ಬೇಡ

ಕೈಯಿಂದ ಹಾಕುವ 8 ಲಕ್ಷ ಎಲ್ಲಿಂದ ಬಂತು ಎಂದು ಬ್ಯಾಂಕ್ ಕೇಳುತ್ತದೆ. ಅಕ್ಕ ಕೊಟ್ಟಳು ಎಂದರೆ ಕಾಣಿಕೆ ಪತ್ರ, ನಿಮ್ಮ ಪ್ಯಾನ್, ನಿಮ್ಮ ಖಾತೆಯ ಸ್ಟೇಟ್‌ಮೆಂಟ್ ಕೇಳಬಹುದು. ಸಾಲ ಎಂದು ಹೇಳಿದರೆ ಆ ಕಂತನ್ನೂ ತಮ್ಮನ ಹೊರೆಗೆ ಸೇರಿಸಿ, ಗೃಹಸಾಲದ ಮೊತ್ತ ಇಳಿಸಬಹುದು. ಆಗ ತಮ್ಮ ಬಂದು ಹೇಳುತ್ತಾನೆ: "ಅಕ್ಕಾ, ಬ್ಯಾಂಕಿಗೆ ಅಷ್ಟ ಗಿಫ್ಟ್ ಅಂತ ಬರದ ಕೊಡು. ನಮ್ಮ ನಮ್ಮೊಳಗ ಸಾಲನ."

ಒಪ್ಪಬೇಡಿ. ಮೊದಲನೆಯದಾಗಿ ಅದು ಬ್ಯಾಂಕಿಗೆ ಬರೆದುಕೊಟ್ಟ ಸುಳ್ಳು. ಎರಡನೆಯದು ನಿಮಗೇ ತಿರುಗುವಂಥದ್ದು: ಮರಳಿ ಕೇಳುವ ಹಕ್ಕಿಲ್ಲ ಎಂದು ನೀವೇ ಸಹಿ ಮಾಡಿದ ಪತ್ರ ಬ್ಯಾಂಕಿನ ಫೈಲಿನಲ್ಲಿ ಕೂತಿರುತ್ತದೆ. ನಾಳೆ ವಸೂಲಿಗೆ ಧಾರವಾಡದ ಕೋರ್ಟಿಗೆ ಹೋದರೆ ಎದುರಿನ ವಕೀಲರು ಮೊದಲು ತರಿಸುವುದೇ ಆ ಪತ್ರವನ್ನು. ಸಾಲವಾದರೆ ಸಾಲವೆಂದೇ ಹೇಳಿ, ಬ್ಯಾಂಕ್ ಎಷ್ಟು ಕೊಡುತ್ತದೋ ಅಷ್ಟಕ್ಕೆ ತಕ್ಕ ಮನೆ ನೋಡಲಿ. ಅಥವಾ ಮೊತ್ತವನ್ನು ಎರಡು ಮಾಡಿ: ಮರಳದಿದ್ದರೂ ನಿಮಗೆ ನಡೆಯುವ 3 ಲಕ್ಷವನ್ನು ನಿಜವಾಗಿಯೂ ಕಾಣಿಕೆ ಕೊಡಿ. ಉಳಿದ 3 ಲಕ್ಷವನ್ನು ಮನೆಗೆ ಹೋದ ಮೇಲಿನ ರಿಪೇರಿ, ಬಣ್ಣಕ್ಕೆ ಕೈಗಡವಾಗಿ, ಬೇರೆ ದಿನ, ಬೇರೆ ಕಾಗದದ ಮೇಲೆ ಕೊಡಿ. ಬ್ಯಾಂಕ್ ಕೇಳಿದರೆ ಅದನ್ನೂ ಮುಚ್ಚಿಡಬೇಕಿಲ್ಲ. ನನಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ ಎನಿಸುತ್ತದೆ.

ಹಂತ 8: ಹಣ ಕಳಿಸುವುದು

ಖಾತೆಯಿಂದ ಖಾತೆಗೆ. 2 ಲಕ್ಷದಿಂದ ಮೇಲೆ ಆರ್‌ಟಿಜಿಎಸ್, ಕೆಳಗೆ ನೆಫ್ಟ್, ಇಲ್ಲವೇ ಚೆಕ್. ಮೊದಲು 100 ರೂಪಾಯಿ ಕಳಿಸಿ ಮುಟ್ಟಿತೇ ಎಂದು ಕೇಳಿ, ನಂತರ ಉಳಿದದ್ದು. ಮಾರುವವರ ಖಾತೆಗೆ ನೇರವಾಗಿ ಹಾಕಬೇಡಿ, ತಮ್ಮನ ಖಾತೆಗೇ ಹಾಕಿ. ಖರೀದಿ ಪತ್ರದಲ್ಲಿ ಹಣ ಕೊಟ್ಟವನೆಂದು ಬರಬೇಕಾದದ್ದು ಅವನ ಹೆಸರು.

ನಗದು ಬೇಡವೇ ಬೇಡ. ಸಾಲವನ್ನಾಗಲಿ, ಆಸ್ತಿಗೆಂದು ಮುಂಗಡವನ್ನಾಗಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆದರೆ ಪಡೆದಷ್ಟೇ ದಂಡ. ಸಾಲ ಮರಳಿಸುವಾಗಲೂ ಇದೇ ಮಿತಿ. ಕಾಣಿಕೆಯನ್ನೂ ಒಬ್ಬರಿಂದ ಒಂದೇ ದಿನ ಅಥವಾ ಒಂದೇ ಸಂದರ್ಭಕ್ಕೆ 2 ಲಕ್ಷ ಮುಟ್ಟುವಷ್ಟು ನಗದಾಗಿ ಪಡೆಯುವಂತಿಲ್ಲ. ಇಲ್ಲಿಯ ಪೇಟೆಯಲ್ಲಿ "28 ಕಾಗದದ ಮ್ಯಾಲ, 12 ಕೈಯಾಗ" ಎಂಬ ವ್ಯವಹಾರ ಇನ್ನೂ ನಡೆಯುತ್ತದೆ, ಆ ಕೈಯಾಗಿನ 12ಕ್ಕೇ ಬಂಧುಗಳ ನೆನಪಾಗುವುದು. ಕಾಗದದ ಮೇಲೆ 28 ಇದ್ದರೆ ಬ್ಯಾಂಕ್ ಸಾಲವೂ ಆ ಲೆಕ್ಕದಲ್ಲೇ ಸಿಗುತ್ತದೆ, ನಿಮ್ಮ 12ಕ್ಕೆ ಎಲ್ಲಿಯೂ ಗುರುತು ಉಳಿಯುವುದಿಲ್ಲ.

ಯಾವಾಗ ಕಳಿಸಬೇಕು? ಸಂಚಕಾರಕ್ಕೆ ತಮ್ಮ ತನ್ನ ಹಣವನ್ನೇ ಕೊಡಲಿ. ಬ್ಯಾಂಕಿನ ಮಂಜೂರಾತಿ ಪತ್ರ ಮತ್ತು ವಕೀಲರ ಅಭಿಪ್ರಾಯ ಕೈಗೆ ಬಂದ ಮೇಲೆ, ನೋಂದಣಿಗೆ ಒಂದೆರಡು ವಾರ ಮೊದಲು ನಿಮ್ಮದು ಹೋಗಲಿ. ಕಾಣಿಕೆ ಪತ್ರದ ಜೊತೆ ಒಂದು ಮಾತು ವಾಟ್ಸಾಪಿನಲ್ಲಾದರೂ ಬರೆದುಕೊಳ್ಳಿ: ಈ ಮನೆಯ ವ್ಯವಹಾರ ಮುರಿದರೆ ಹಣ ಇಷ್ಟು ದಿನದೊಳಗೆ ನಿಮ್ಮ ಖಾತೆಗೆ ಮರಳುತ್ತದೋ, ಅಥವಾ ಮುಂದಿನ ಮನೆಗೆಂದು ಅವನಲ್ಲೇ ಇರುತ್ತದೋ? ಸಂಚಕಾರ ಮುರಿದು ಬಿದ್ದು, ಅಕ್ಕನ ರೊಕ್ಕ ಕಾರಿನ ಡೌನ್ ಪೇಮೆಂಟ್ ಆಗಿ ಹೋದದ್ದೂ ಉಂಟು.

ಹಂತ 9: ನೋಂದಣಿಯ ದಿನ

ಕಾಣಿಕೆ, ಕೈಗಡಕ್ಕೆ ನೀವು ಉಪನೋಂದಣಿ ಕಚೇರಿಗೆ ಹೋಗಬೇಕಿಲ್ಲ. ಪಾಲಾದರೆ ಹೋಗಲೇಬೇಕು: ಪ್ಯಾನ್, ಆಧಾರ್, ಫೋಟೋ, ಬೆರಳಚ್ಚು. ಕಾವೇರಿಯಲ್ಲಿ ಹಾಕುವ ಕರಡನ್ನು ಹಿಂದಿನ ದಿನವೇ ಓದಿ. ನಿಮ್ಮ ಭಾಗ ಶೇ. 15 ಎಂದಿದ್ದರೆ ಅದು ಅಂಕೆಯಲ್ಲೂ ಅಕ್ಷರದಲ್ಲೂ ಬಂದಿದೆಯೇ, ನಿಮ್ಮ ಖಾತೆಯಿಂದ ಹೋದ ಮೊತ್ತ ಪಾವತಿಯ ವಿವರದಲ್ಲಿದೆಯೇ ನೋಡಿ. ಭಾಗ ಬರೆಯದೆ ಬರೀ ಎರಡು ಹೆಸರು ಹಾಕಿದರೆ ಸಮಪಾಲೆಂದು ವಾದ ಹುಟ್ಟುತ್ತದೆ. ಮನೆಯ ಒಡೆತನದಲ್ಲಿ ಪಾಲಿದ್ದವರಿಂದ ಬ್ಯಾಂಕ್ ಸಾಮಾನ್ಯವಾಗಿ ಸಾಲಕ್ಕೂ ಸಹಿ ಮಾಡಿಸಿಕೊಳ್ಳುತ್ತದೆ. ಅಂದರೆ ತಮ್ಮ ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ (ಸಾಲದ ಇತಿಹಾಸದ ಅಂಕ) ಕೆಡುತ್ತದೆ. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ. 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟಬೇಕು. ಒಟ್ಟಿಗೆ ಕೊಳ್ಳುವವರಲ್ಲಿ ನೀವೂ ಒಬ್ಬರಾದರೆ ಅದು ನಿಮಗೂ ಅನ್ವಯ.

ಹಂತ 10: ಆಮೇಲೆ

ಒಂದು ಫೈಲು ಮಾಡಿ. ಪತ್ರದ ಮೂಲ ಅಥವಾ ಪ್ರತಿ, ಯುಟಿಆರ್ ಇರುವ ಸ್ಟೇಟ್‌ಮೆಂಟ್, ಎಫ್‌ಡಿ ಮುರಿಸಿದ ರಸೀದಿ ಅಥವಾ ಹೊಲ ಮಾರಿದ ಪತ್ರದ ಪ್ರತಿ, ತಮ್ಮನ ಖರೀದಿ ಪತ್ರದ ಜೆರಾಕ್ಸ್. ತಮ್ಮನೂ ತನ್ನ ರಿಟರ್ನಿನಲ್ಲಿ ಕಾಣಿಕೆಯನ್ನು ತೆರಿಗೆ ಇಲ್ಲದ ಆದಾಯದ ಕೆಳಗೆ ತೋರಿಸಿದರೆ ಒಳ್ಳೆಯದು; ಆಸ್ತಿ ಖರೀದಿಯ ಮಾಹಿತಿ ಇಲಾಖೆಗೆ ಹೋಗಿರಬಹುದು, ನೋಟಿಸು ಬಂದರೆ ಉತ್ತರ ಸಿದ್ಧವಿರುತ್ತದೆ.

ಕೈಗಡವಾದರೆ ಕಂತು ಪ್ರತಿ ತಿಂಗಳು ಖಾತೆಗೇ ಬರಲಿ, ವಿವರದಲ್ಲಿ "ಮನೆ ಸಾಲ ಕಂತು" ಎಂದಿರಲಿ. ಪಂಚಮಿಗೆ ತವರಿಗೆ ಹೋದಾಗ ಕೈಯಲ್ಲಿಟ್ಟ 10,000 ಕಂತೋ ಹಬ್ಬದ ಉಡುಗೊರೆಯೋ ಎಂಬ ಗೊಂದಲ ಬೇಡ. ಉಳಿದ ಮೊತ್ತವನ್ನು ಬಿಟ್ಟುಬಿಡಬೇಕೆಂದು ಮುಂದೊಂದು ದಿನ ನಿಮಗೆ ಅನಿಸಿದರೆ ಅದನ್ನೂ ಬರೆದೇ ಬಿಡಿ, ತಮ್ಮನಿಗೊಂದು ಪ್ರತಿ ಕೊಡಿ. ಪೂರ್ತಿ ಮುಟ್ಟಿದ ದಿನ ನೋಟಿನ ಬೆನ್ನಿಗೆ "ಬಾಕಿ ಇಲ್ಲ, ಪೂರ್ತಿ ಮುಟ್ಟಿದೆ" ಎಂದು ದಿನಾಂಕ ಹಾಕಿ, ಸಹಿ ಮಾಡಿ, ಮೂಲವನ್ನು ಅವನ ಕೈಗೆ ಕೊಟ್ಟು, ಫೋಟೋ ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.